ಬೆಲೆ ಏರಿದಾಗ ಸೊರಗಿದ ತೋಟ: ಸ್ಯಾಂಟೊರಿನಿಯ ಒಂದು ಪ್ರಕರಣ

ಇದು ಗ್ರೀಸ್ ದೇಶದ ಸ್ಯಾಂಟೊರಿನಿ ದ್ವೀಪದ ಒಂದು ಕುಟುಂಬದ ದ್ರಾಕ್ಷಿ ತೋಟದ ಪ್ರಕರಣ. 2021ರಿಂದ 2025ರವರೆಗೆ ನಾನು ಹತ್ತಿರದಿಂದ ನೋಡಿದ್ದು. ಬರೆಯಲು ಮನೆಯವರು ಒಪ್ಪಿದ್ದಾರೆ. ಆದರೆ ಹೆಸರು, ಊರು, ಜಮೀನಿನ ಗುರುತು ಯಾವುದನ್ನೂ ಕೊಟ್ಟಿಲ್ಲ. ತೋಟದ ಎಣಿಕೆಗಳನ್ನೂ ಸ್ವಲ್ಪ ಬದಲಿಸಿದ್ದೇನೆ, ಪ್ರಮಾಣ ಮಾತ್ರ ಹಾಗೇ ಇದೆ. ತೋಟದ ಯಜಮಾನರನ್ನು ಊರಿನವರೆಲ್ಲ ‘ಬಾರ್ಬಾ’ ಅನ್ನುತ್ತಾರೆ, ನಾವು ದೊಡ್ಡಪ್ಪ ಅನ್ನುವ ಹಾಗೆ. ಇಲ್ಲಿ ಅವರನ್ನು ಅಜ್ಜ ಅಂತಲೇ ಕರೆಯುತ್ತೇನೆ.

ನಾನು ಕೆಲಸ ಕಲಿತದ್ದು ವಿಜಯಪುರದ ಕಡೆಯ ತೋಟಗಳಲ್ಲಿ. ಅಲ್ಲಿ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ, ಏಪ್ರಿಲ್‌ನಲ್ಲೊಂದು, ಅಕ್ಟೋಬರ್‌ನಲ್ಲೊಂದು. ಡಾಗ್ರಿಡ್ಜ್ ಎಂಬ ತಳಿಯ ಬೇರಿನ ಮೇಲೆ ಕಸಿ. ಹನಿ ನೀರಾವರಿ. ತಲೆಗಿಂತ ಎತ್ತರದ ಚಪ್ಪರ. ಸ್ಯಾಂಟೊರಿನಿಯ ಈ ತೋಟದಲ್ಲಿ ಇದರಲ್ಲಿ ಒಂದೂ ಇರಲಿಲ್ಲ. ಅಜ್ಜನ ತೋಟಕ್ಕೆ ಮೊದಲ ಸಲ ಹೋದಾಗ ಬಳ್ಳಿಗಾಗಿ ಕಣ್ಣೆತ್ತಿ ಹುಡುಕಿದೆ. ಬಳ್ಳಿ ಇದ್ದದ್ದು ನನ್ನ ಕಾಲ ಬುಡದಲ್ಲಿ.

ನೆಲ ಮತ್ತು ಬಳ್ಳಿ

ಕ್ರಿ.ಪೂ. 1600ರ ಆಸುಪಾಸಿನಲ್ಲಿ ಇಲ್ಲಿ ದೊಡ್ಡ ಜ್ವಾಲಾಮುಖಿ ಸ್ಫೋಟ ಆಯಿತು. ದ್ವೀಪದ ನಡುಭಾಗ ಕುಸಿದು ಸಮುದ್ರ ಒಳಗೆ ನುಗ್ಗಿತು. ಅಕ್ರೋತಿರಿ ಎಂಬ ಊರು ಬೂದಿಯಡಿ ಹೂತುಹೋಯಿತು. ಆ ಬೂದಿ ಮತ್ತು ಪ್ಯೂಮಿಸ್ ಎಂಬ ಹಗುರ ಕಲ್ಲಿನ ಪದರವೇ ಇವತ್ತಿನ ಹೊಲ. ಊರಿನವರು ಅದನ್ನು ಅಸ್ಪಾ ಅನ್ನುತ್ತಾರೆ. ಅದರಲ್ಲಿ ಜೇಡಿ ಇಲ್ಲವೇ ಇಲ್ಲ ಅನ್ನಬಹುದು. ಕೊಳೆತ ಎಲೆ, ಗೊಬ್ಬರದ ಅಂಶವೂ ತೀರಾ ಕಡಿಮೆ.

ಜೇಡಿ ಇಲ್ಲದ್ದು ಒಂದು ದೊಡ್ಡ ಉಪಕಾರವನ್ನೂ ಮಾಡಿದೆ. 19ನೇ ಶತಮಾನದಲ್ಲಿ ಫಿಲಾಕ್ಸೆರಾ ಎಂಬ ಬೇರು ತಿನ್ನುವ ಹುಳ ಯುರೋಪಿನ ಹೆಚ್ಚಿನ ದ್ರಾಕ್ಷಿ ತೋಟಗಳನ್ನು ನುಂಗಿತು. ಆಮೇಲೆ ಹೆಚ್ಚಿನವರು ಅಮೆರಿಕದ ಬೇರಿನ ಮೇಲೆ ಕಸಿ ಕಟ್ಟಬೇಕಾಯಿತು. ಈ ಬೂದಿ ಮಣ್ಣಿನಲ್ಲಿ ಆ ಹುಳ ಬದುಕುವುದಿಲ್ಲ. ಹಾಗಾಗಿ ಇಲ್ಲಿನ ಬಳ್ಳಿ ಇವತ್ತಿಗೂ ತನ್ನದೇ ಬೇರಿನ ಮೇಲೆ ನಿಂತಿದೆ. ಈ ಪ್ರಕರಣದ ಅರ್ಧ ಉತ್ತರ ಈ ಒಂದು ಸಂಗತಿಯಲ್ಲೇ ಇತ್ತು.

ಮಳೆ ಬರುವುದು ಹೆಚ್ಚಾಗಿ ಚಳಿಗಾಲದಲ್ಲಿ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಒಂದು ಹನಿ ಬೀಳುವುದಿಲ್ಲ. ಜುಲೈ, ಆಗಸ್ಟ್ ಬಂತೆಂದರೆ ಉತ್ತರದಿಂದ ಮೆಲ್ಟೆಮಿ ಎಂಬ ಗಾಳಿ ದಿನಗಟ್ಟಲೆ ಬಿಡದೆ ಬೀಸುತ್ತದೆ. ಅದಕ್ಕೇ ಬಳ್ಳಿಯನ್ನು ನೆಲಕ್ಕೆ ಅಂಟಿಸಿ ಸುತ್ತುತ್ತಾರೆ. ಕುಲೂರಾ ಅಂತ ಅದರ ಹೆಸರು. ಕೊಡದ ಕೆಳಗೆ ಇಡುವ ಸಿಂಬೆ ಇದೆಯಲ್ಲ, ಅದೇ ಆಕಾರ. ಪ್ರತಿ ಚಳಿಗಾಲ ಹೊಸ ಕಡ್ಡಿಗಳನ್ನು ಹಳೆಯ ಸುತ್ತಿನ ಮೇಲೆ ಹೆಣೆಯುತ್ತಾ ಹೋದರೆ ವರ್ಷಗಳಲ್ಲಿ ಅದೊಂದು ಬುಟ್ಟಿಯೇ ಆಗುತ್ತದೆ. ಗೊಂಚಲು ಬುಟ್ಟಿಯ ಒಳಗೆ, ಎಲೆಗಳ ನೆರಳಲ್ಲಿ. ರಾತ್ರಿ ಸಮುದ್ರದಿಂದ ಬರುವ ತೇವವನ್ನು ಪ್ಯೂಮಿಸ್ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಬುಟ್ಟಿ ತೀರಾ ಮುದಿಯಾದಾಗ, 70-80 ವರ್ಷಕ್ಕೋ ಇನ್ನೂ ತಡವಾಗಿಯೋ, ಕಾಂಡವನ್ನು ನೆಲಮಟ್ಟಕ್ಕೆ ಕತ್ತರಿಸುತ್ತಾರೆ. ಬುಡದಿಂದ ಹೊಸ ಚಿಗುರು ಬರುತ್ತದೆ, ಹೊಸ ಬುಟ್ಟಿ ಶುರುವಾಗುತ್ತದೆ. ಹೀಗೆ ಮೇಲಿನ ಬಳ್ಳಿಗಿಂತ ಕೆಳಗಿನ ಬೇರಿಗೆ ವಯಸ್ಸು ಜಾಸ್ತಿ.

ಮುಖ್ಯ ತಳಿ ಅಸಿರ್ಟಿಕೊ, ಬಿಳಿ ದ್ರಾಕ್ಷಿ. ಜೊತೆಗೆ ಅಥಿರಿ, ಐದಾನಿ. ಬಿಸಿಲಿನ ನಾಡಿನ ಹಣ್ಣಿನಲ್ಲಿ ಸಾಮಾನ್ಯವಾಗಿ ಸಿಹಿ ಏರಿದ ಹಾಗೆ ಹುಳಿ ಇಳಿಯುತ್ತದೆ. ಅಸಿರ್ಟಿಕೊ ಹುಳಿಯನ್ನು ಬಿಟ್ಟುಕೊಡುವುದಿಲ್ಲ. ಮಣ್ಣಿನಲ್ಲಿ ಪೊಟ್ಯಾಷಿಯಂ ಕಡಿಮೆ ಇರುವುದೂ ಅದಕ್ಕೊಂದು ಕಾರಣ. ಒಣ ಬಿಳಿ ವೈನ್ ಬಾಯಿಗಿಟ್ಟರೆ ಮೊದಲು ನಿಂಬೆಯ ಚುರುಕು, ಕೊನೆಗೆ ತುಟಿಯ ಮೇಲೆ ಉಪ್ಪಿನ ಹಾಗೊಂದು ರುಚಿ ನಿಲ್ಲುತ್ತದೆ. ಇದೇ ದ್ರಾಕ್ಷಿಯನ್ನು ಕಟಾವಿನ ನಂತರ ಎರಡು ವಾರದಷ್ಟು ಬಿಸಿಲಲ್ಲಿ ಒಣಗಿಸಿ, ಹಿಂಡಿ, ವರ್ಷಗಟ್ಟಲೆ ಮರದ ಪೀಪಾಯಿಯಲ್ಲಿ ಇಟ್ಟರೆ ವಿನ್ಸಾಂಟೊ ಎಂಬ ಸಿಹಿ ವೈನ್. ಹಿಂದಿನ ಕಾಲದಲ್ಲಿ ಅದು ಹಡಗಿನಲ್ಲಿ ರಷ್ಯಾದವರೆಗೂ ಹೋಗುತ್ತಿತ್ತು, ಅಲ್ಲಿನ ಚರ್ಚುಗಳ ಪೂಜೆಗೆ. ಸ್ಯಾಂಟೊರಿನಿ ಎಂಬ ಹೆಸರಿನಲ್ಲಿ ಬೇರೆಯವರು ವೈನ್ ಮಾರದಂತೆ 1971ರಿಂದ ಕಾನೂನಿನ ರಕ್ಷಣೆ ಇದೆ.

ಸಮಸ್ಯೆ

ಅಜ್ಜನಿಗೆ 16 ಸ್ಟ್ರೆಮ್ಮಾ ಜಮೀನು, ಅಂದರೆ ಹೆಚ್ಚೂಕಡಿಮೆ 4 ಎಕರೆ. ಮೂರು ತುಂಡು. ಮೇಲಿನ ತುಂಡು ಮತ್ತು ರಸ್ತೆ ಪಕ್ಕದ ತುಂಡು, ಎರಡರಲ್ಲೂ ಹಳೆಯ ಬುಟ್ಟಿಗಳು. ಕೆಳಗಿನ ಚಿಕ್ಕ ತುಂಡಿನಲ್ಲಿ 2020ರಲ್ಲಿ ಅಳಿಯ ಹೊಸ ಸಸಿ ನೆಟ್ಟು, ಕಂಬ ಹೂಳಿ ತಂತಿ ಎಳೆಸಿದ್ದರು. ಮಗಳು ಹೋಟೆಲೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಅಳಿಯ ಪ್ರವಾಸಿಗರಿಗೆ ಕೋಣೆ ಬಾಡಿಗೆ ಕೊಡುತ್ತಾರೆ. ತೋಟ ಎಂದರೆ ಅಜ್ಜ ಒಬ್ಬರೇ, ಚಾಟ್ನಿಗೆ ಕೂಲಿಗೆ ಸಿಕ್ಕವರು.

ಒಂದು ಕಾಲಕ್ಕೆ ಇಲ್ಲಿ 5 ಟನ್ ಬರುತ್ತಿತ್ತಂತೆ. 2020ರಲ್ಲಿ ಬಂದದ್ದು ಎರಡೂವರೆ ಟನ್. ಅದೇ ಹೊತ್ತಿಗೆ ದ್ವೀಪದ ದ್ರಾಕ್ಷಿಗೆ ಬೆಲೆ ವರ್ಷ ವರ್ಷ ಏರುತ್ತಿತ್ತು. ಅಸಿರ್ಟಿಕೊಗೆ ಜಗತ್ತಿನಲ್ಲಿ ಹೆಸರು ಬಂದಿತ್ತು, ಹಣ್ಣು ಮಾತ್ರ ಕಡಿಮೆ. ವೈನರಿಗಳು ಪೈಪೋಟಿಯಲ್ಲಿ ಕೊಳ್ಳುತ್ತಿದ್ದವು. ಹಾಗಾಗಿ ಇಳುವರಿ ಅರ್ಧಕ್ಕೆ ಇಳಿದರೂ ಮನೆಗೆ ಬರುವ ದುಡ್ಡು ಇಳಿಯಲಿಲ್ಲ. ಯಾರಿಗೂ ಗಾಬರಿ ಆಗಲಿಲ್ಲ. ‘ಮಳೆ ಕಮ್ಮಿ, ಅದಕ್ಕೆ’ ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಅದನ್ನೇ ನಂಬಿದೆ.

ಮೊದಲ ಪ್ರಯತ್ನಗಳು

ತೋಟದಲ್ಲಿ ನಡೆದರೆ ಅಲ್ಲಲ್ಲಿ ಖಾಲಿ ಜಾಗ ಕಾಣುತ್ತಿತ್ತು. ಬಳ್ಳಿ ಸತ್ತ ಜಾಗ. ಸಸಿ ನೆಡೋಣ ಎಂದು ಸಲಹೆ ಕೊಟ್ಟವನು ನಾನೇ. 2021ರ ಫೆಬ್ರವರಿಯಲ್ಲಿ ನರ್ಸರಿಯಿಂದ 200 ಸಸಿ ತರಿಸಿ ನೆಟ್ಟೆವು. ವಿಜಯಪುರದಲ್ಲಿ ಮಾಡುವುದೇ ಹಾಗೆ, ಖಾಲಿ ಗುಂಡಿಗೆ ಹೊಸ ಸಸಿ. ಹತ್ತು ದಿನಕ್ಕೊಮ್ಮೆ ಬಕೆಟ್‌ನಲ್ಲಿ ನೀರು ಹೊತ್ತು ಹಾಕಿದೆವು. ಆ ವರ್ಷ ಜುಲೈ ಕೊನೆಯಿಂದ ಆಗಸ್ಟ್ ಮೊದಲ ವಾರದವರೆಗೆ ಗ್ರೀಸ್ ಪೂರ್ತಿ ಬಿಸಿಗಾಳಿಗೆ ಸಿಕ್ಕಿತು. ಸೆಪ್ಟೆಂಬರ್‌ನಲ್ಲಿ ನೋಡಿದರೆ ಬದುಕಿದ್ದದ್ದು 38.

ಸತ್ತ ಒಂದು ಸಸಿಯ ಪಕ್ಕ ಗುದ್ದಲಿ ಹಾಕಿದೆ. ಮೇಲೆ ಒಂದು ಗೇಣು ಹಿಟ್ಟಿನಂಥ ಒಣ ಬೂದಿ. ಸಸಿಯ ಬೇರು ಅಲ್ಲಿಗೇ ಮುಗಿದಿತ್ತು. ಇನ್ನೂ ಕೆಳಗೆ ಅಗೆದೆ. ಮೊಳಕೈ ಮುಳುಗುವಷ್ಟು ಆಳಕ್ಕೆ ಕೈ ಹಾಕಿದಾಗ ಒಂದು ಪ್ಯೂಮಿಸ್ ತುಂಡು ಸಿಕ್ಕಿತು. ಸುತ್ತ ಅಷ್ಟು ಬಿಸಿಲು, ಆ ಕಲ್ಲು ಮಾತ್ರ ಮಡಕೆಯ ಹೊರಮೈ ಹಾಗೆ ತಣ್ಣಗಿತ್ತು. ಒಡೆದರೆ ಒಳಗೆ ಬಣ್ಣ ಕಪ್ಪು, ತೇವ. ನೀರು ಇತ್ತು, ಆದರೆ ಸಸಿಗೆ ಎಟುಕದ ಆಳದಲ್ಲಿ. ನಾವು ಬಕೆಟ್‌ನಲ್ಲಿ ಹಾಕಿದ ನೀರು ಬೇರನ್ನು ಮೇಲೆಯೇ ಉಳಿಸಿಕೊಂಡಿತ್ತು. ಆ ಬೇರಿಗೆ ಕೆಳಗೆ ಇಳಿಯುವ ಅಗತ್ಯವೇ ಬೀಳಲಿಲ್ಲ, ಬಿಸಿಗಾಳಿ ಬಂದಾಗ ಇಳಿಯಲು ಸಮಯವೂ ಉಳಿದಿರಲಿಲ್ಲ.

ತಂತಿಯ ತುಂಡಿನದು ಬೇರೆ ಕಥೆ. ಅಳಿಯ ತಂತಿಗೆ ಹೋದದ್ದಕ್ಕೆ ನ್ಯಾಯವಾದ ಕಾರಣ ಇತ್ತು. ಕುಲೂರಾ ಹೆಣೆಯಲು ಬರುವವರು ದ್ವೀಪದಲ್ಲಿ ವರ್ಷ ವರ್ಷ ಕಮ್ಮಿ ಆಗುತ್ತಿದ್ದಾರೆ. ದಿನವಿಡೀ ನೆಲಕ್ಕೆ ಬಾಗಿ, ಮಂಡಿಯೂರಿ ಮಾಡುವ ಕೆಲಸ ಅದು. ತಂತಿಯಾದರೆ ನಿಂತು ಕತ್ತರಿಸಬಹುದು. ದ್ವೀಪದಲ್ಲಿ ಬೇರೆ ಕೆಲವರೂ ಹಾಗೆ ಮಾಡಿದ್ದಾರೆ. ಆದರೆ ಈ ತುಂಡು ಮೆಟ್ಟಿಲು ಮೆಟ್ಟಿಲಾದ ಜಮೀನು. ಮೆಟ್ಟಿಲ ಉದ್ದಕ್ಕೆ ಸಾಲು ಎಳೆದರೆ ಕೆಲಸ ಸುಲಭ ಎಂದು ಪೂರ್ವ-ಪಶ್ಚಿಮಕ್ಕೆ ಎಳೆಸಿದ್ದರು. ಮೆಲ್ಟೆಮಿ ಬರುವುದು ಉತ್ತರದಿಂದ. ಇಡೀ ಸಾಲು ಗಾಳಿಗೆ ಎದೆ ಕೊಟ್ಟು ನಿಂತ ಹಾಗಾಯಿತು. 2022ರ ಜುಲೈನಲ್ಲಿ ಮೂರೇ ದಿನದ ಗಾಳಿಗೆ ಎಳೆ ಕಡ್ಡಿಗಳು ಬುಡದಲ್ಲಿ ಮುರಿದು ತಂತಿಗೆ ಜೋತುಬಿದ್ದವು. ಎಲೆಗಳು ಅಂಚಿನಿಂದ ಹರಿದು ಕಂದು ಬಣ್ಣಕ್ಕೆ ತಿರುಗಿದವು. ಎಲೆ ಹೋದ ಕಡೆ ಗೊಂಚಲಿನ ಒಂದು ಮಗ್ಗುಲು ಬಿಸಿಲಿಗೆ ಸುಟ್ಟಿತು. ತಂತಿ ಪದ್ಧತಿಯೇ ಕೆಟ್ಟದ್ದು ಎಂದು ಹೇಳಲಾರೆ. ಸಾಲಿನ ದಿಕ್ಕನ್ನು ಕೆಲಸದ ಅನುಕೂಲ ನೋಡಿ ನಿರ್ಧರಿಸಿದ್ದು ತಪ್ಪು.

ಎಣಿಸಿದ ದಿನ

ಈ ಪ್ರಕರಣದ ತಿರುವು ನನ್ನಿಂದ ಬಂದದ್ದಲ್ಲ, ಮಗಳಿಂದ. 2021ರ ಕಟಾವು ಮುಗಿದ ಮೇಲೆ ಒಂದು ಭಾನುವಾರ ಅವರು ನೋಟ್‌ಬುಕ್ ಹಿಡಿದು ತೋಟಕ್ಕೆ ಬಂದರು. ‘ಹೋಟೆಲಿನಲ್ಲಿ ಕೋಣೆ ಎಷ್ಟು ಖಾಲಿ ಇದೆ ಅಂತ ದಿನಾ ಬರೀತೀನಿ. ಇಲ್ಲಿ ಎಷ್ಟು ಖಾಲಿ ಇದೆ ಅಂತ ಯಾರೂ ಬರೆದೇ ಇಲ್ಲ’ ಎಂದರು. ಎರಡು ದಿನ ಇಬ್ಬರೂ ಸಾಲು ಸಾಲು ಎಣಿಸಿದೆವು. ಎರಡು ಹಳೆಯ ತುಂಡು ಸೇರಿ ಬಳ್ಳಿಗೆ ಜಾಗ 2,240. ಅದರಲ್ಲಿ 760 ಖಾಲಿ. ಮೂರರಲ್ಲಿ ಒಂದು!

ತೋಟದಲ್ಲಿ ನಡೆಯುವಾಗ ಇದು ಕಾಣುವುದಿಲ್ಲ. ಬುಟ್ಟಿಗಳ ನಡುವೆ ಮೊದಲೇ ಎರಡು ಎರಡೂವರೆ ಮೀಟರ್ ಅಂತರ. ಒಂದು ಸತ್ತರೆ ಅಂತರ ಇನ್ನಷ್ಟು ಅಗಲ ಕಾಣುತ್ತದೆ, ಅಷ್ಟೆ. ಇಳುವರಿ ಇಳಿದದ್ದಕ್ಕೆ ಮಳೆ ಒಂದು ಕಾರಣ ಹೌದು. ಆದರೆ ಹಣ್ಣು ಬಿಡುವ ಬಳ್ಳಿಯೇ ಮೂರನೇ ಒಂದು ಭಾಗ ಇರಲಿಲ್ಲ.

ಹಾಗಾದರೆ ಹಿಂದಿನವರು ಖಾಲಿ ಜಾಗ ತುಂಬುತ್ತಿದ್ದದ್ದು ಹೇಗೆ? ಅಜ್ಜನನ್ನು ಕೇಳಿದೆವು. ಕತವೊಲಾದಾ ಎಂದರು. ಪಕ್ಕದ ಗಟ್ಟಿ ಬಳ್ಳಿಯ ಉದ್ದನೆಯ ಕಡ್ಡಿಯೊಂದನ್ನು ಕತ್ತರಿಸದೆ ಬಾಗಿಸಿ, ಮಣ್ಣಿನಡಿ ಹೂತು, ಖಾಲಿ ಜಾಗದಲ್ಲಿ ತುದಿ ಮೇಲೆ ತರುವುದು. ಮಲ್ಲಿಗೆ ಬಳ್ಳಿಯನ್ನು ಬಾಗಿಸಿ ಮಣ್ಣು ಮುಚ್ಚಿ ಬೇರು ಬರಿಸುತ್ತೇವಲ್ಲ, ಅದೇ. ಎರಡು ಮೂರು ವರ್ಷ ತಾಯಿಬಳ್ಳಿಯೇ ಅದಕ್ಕೆ ಊಟ ಕೊಡುತ್ತದೆ. ಸ್ವಂತ ಬೇರು ಆಳಕ್ಕೆ ಇಳಿದ ಮೇಲೆ ಕತ್ತರಿಸಿ ಬೇರೆ ಮಾಡುತ್ತಾರೆ. ಫಿಲಾಕ್ಸೆರಾ ಇರುವ ಕಡೆ ಹೀಗೆ ಮಾಡಿದರೆ ಹೊಸ ಬೇರನ್ನು ಹುಳ ತಿಂದು ಮುಗಿಸುತ್ತದೆ. ಇಲ್ಲಿ ಆ ಭಯ ಇಲ್ಲ. ಬಕೆಟ್ ನೀರು ಹೊತ್ತು ಸಾಯಿಸಿದ ಸಸಿಗಳಿಗೆ ಬೇಕಿದ್ದದ್ದು ಇಂಥ ತಾಯಿ.

‘ಅಪ್ಪ, ಇದನ್ನು ನೀವು ಯಾವಾಗ ನಿಲ್ಲಿಸಿದ್ರಿ?’ ಮಗಳು ಕೇಳಿದರು.

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಬೆಲೆ ಏರೋಕೆ ಶುರುವಾದಾಗ. ಕತವೊಲಾದಾಕ್ಕೆ ಒಳ್ಳೇ ಬಳ್ಳಿಯ ಒಳ್ಳೇ ಕಡ್ಡಿ ಬೇಕು ಮಗಳೇ. ಅದನ್ನ ಹೂತರೆ ಆ ವರ್ಷ ಅದರ ಹಣ್ಣಿಲ್ಲ. ಕಿಲೋಗೆ ಅಷ್ಟು ಕೊಡ್ತಿರುವಾಗ ಮಣ್ಣಿಗೆ ಹಾಕೋಕೆ ಮನಸ್ಸು ಬರಲಿಲ್ಲ.’

ಚಾಟ್ನಿಯಲ್ಲೂ ಅದೇ ಆಗಿತ್ತು. ಕೂಲಿಯವರಿಗೆ ‘ಒಂದೆರಡು ಕಣ್ಣು ಜಾಸ್ತಿ ಬಿಡಿ’ ಎಂದು ಹೇಳಿ ಹೇಳಿ, ಸೊರಗಿದ ಬಳ್ಳಿಯ ಮೇಲೂ ಹೊರೆ ಹಾಕಿದ್ದರು. ಕಣ್ಣು ಅಂದರೆ ಚಿಗುರು ಒಡೆಯುವ ಮೊಗ್ಗು. ಅದನ್ನು ಜಾಸ್ತಿ ಬಿಟ್ಟರೆ ಆ ವರ್ಷ ಗೊಂಚಲು ಜಾಸ್ತಿ. ಮುಂದಿನ ವರ್ಷ ಹೆಣೆಯಲು ಬೇಕಾದ ಉದ್ದದ ಕಡ್ಡಿ ಬರುವುದಿಲ್ಲ. ಮುದಿ ಕಾಂಡಗಳನ್ನು ನೆಲಮಟ್ಟಕ್ಕೆ ಕತ್ತರಿಸುವ ಕೆಲಸವೂ ನಿಂತಿತ್ತು, ಯಾಕೆಂದರೆ ಅಲ್ಲೂ ಎರಡು ಮೂರು ವರ್ಷ ಹಣ್ಣಿಲ್ಲ. ಬರಗಾಲ ಬರುವ ಮೊದಲೇ ತೋಟ ತನ್ನ ಉಳಿತಾಯವನ್ನು ತಿಂದು ಮುಗಿಸಿತ್ತು. ಬೆಲೆ ಒಳ್ಳೆಯದಾದಷ್ಟೂ ಅದು ಕಾಣಿಸಲಿಲ್ಲ. ನನಗೆ ಈ ಪ್ರಕರಣದಲ್ಲಿ ಅತಿ ಮುಖ್ಯ ಅನಿಸಿದ್ದು ಇದೇ.

ಮಾಡಿದ್ದು, ಆದದ್ದು

2022ರ ಜನವರಿಯಲ್ಲಿ ಅಜ್ಜ 60 ಕಡ್ಡಿ ಹೂತರು. ಮೊದಲನೆಯದನ್ನು ಹೂಳುವಾಗ ಪಕ್ಕದಲ್ಲಿ ಕೂತಿದ್ದೆ. ಎರಡೂ ಕೈಯಲ್ಲಿ ಕಡ್ಡಿ ಹಿಡಿದು, ಬಟ್ಟೆ ಹಿಂಡುವ ಹಾಗೆ ಮೆಲ್ಲಗೆ ತಿರುಚಿದರು. ಒಳಗೆ ನಾರು ಸಡಿಲವಾಗುವ ಸಣ್ಣ ಶಬ್ದ ಬಂತು. ಮುರಿಯಿತು ಅಂದುಕೊಂಡೆ. ಮುರಿದಿರಲಿಲ್ಲ. ಹಾಗೆ ತಿರುಚದೆ ಬಾಗಿಸಿದರೆ ಮುರಿಯುತ್ತದಂತೆ. ಮೊಣಕಾಲು ಆಳದ ಕಾಲುವೆ ತೆಗೆದು, ಅದರಲ್ಲಿ ಕಡ್ಡಿ ಮಲಗಿಸಿ, ಮೇಲೊಂದು ಚಪ್ಪಟೆ ಪ್ಯೂಮಿಸ್ ಕಲ್ಲಿಟ್ಟು, ಬೂದಿ ಮುಚ್ಚಿದರು. ಹೊರಗೆ ಉಳಿದದ್ದು ಎರಡೇ ಕಣ್ಣು. ನಾನು ಹೂತ ಮೊದಲ ಮೂರು ಕಡ್ಡಿ ಮುರಿದವು.

2023ರ ಜನವರಿಯಲ್ಲಿ ಇನ್ನೂ 70 ಹೂತೆವು, 120 ಮುದಿ ಕಾಂಡ ಕತ್ತರಿಸಿದೆವು. ಸೊರಗಿದ ಬಳ್ಳಿಗಳಲ್ಲಿ ಕಣ್ಣು ಕಡಿಮೆ ಮಾಡಿದೆವು. ಒಂದು ವಿಷಯದಲ್ಲಿ ಅಜ್ಜನನ್ನು ತಡೆದೆ. ಎಲೆ ಕೆಂಪಾಗಿ ಅಂಚು ಕೆಳಮುಖವಾಗಿ ಸುರುಳಿ ಸುತ್ತುತ್ತಿದ್ದ ಐದಾರು ಕೆಂಪು ದ್ರಾಕ್ಷಿ ಬಳ್ಳಿಗಳಿಂದ ಕಡ್ಡಿ ಹೂಳುವುದು ಬೇಡ ಎಂದೆ. ಅದು ವೈರಸ್ ಲಕ್ಷಣ. ತಾಯಿಯಲ್ಲಿದ್ದ ರೋಗ ಹಾಗೇ ಮಗುವಿಗೆ ಬರುತ್ತದೆ. ಬಿಳಿ ತಳಿಯಲ್ಲಿ ಇದೇ ರೋಗ ಕಣ್ಣಿಗೆ ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಹಾಗಾಗಿ ಮೂರು ವರ್ಷ ಚೆನ್ನಾಗಿ ಹಣ್ಣು ಕೊಟ್ಟ ಬಳ್ಳಿಗೆ ಮಾತ್ರ ದಾರ ಕಟ್ಟಿ, ಅದನ್ನೇ ತಾಯಿ ಮಾಡುವುದು ಎಂದು ನಿಯಮ ಮಾಡಿಕೊಂಡೆವು.

ಆಮೇಲೆ ಬಂದದ್ದು ಎರಡು ಕೆಟ್ಟ ವರ್ಷ. 2023 ಮತ್ತು 2024, ಇಡೀ ದ್ವೀಪದಲ್ಲೇ ಇಳುವರಿ ನೆಲಕಚ್ಚಿತು. 2023ರ ಜುಲೈನಲ್ಲಿ ಧೈರ್ಯ ಕಳೆದುಕೊಂಡು ರಸ್ತೆ ಪಕ್ಕದ ತುಂಡಿಗೆ ಟ್ಯಾಂಕರ್ ನೀರು ತರಿಸಿದೆವು. ಸವಳು ನೀರು. ಎರಡೇ ವಾರಕ್ಕೆ ಪೈಪಿನ ರಂಧ್ರಗಳ ಸುತ್ತ ಬಿಳಿ ಉಪ್ಪು ಕೂತಿತು. ಎಲೆಯ ಅಂಚು ಸುಟ್ಟಿತು. ನಿಲ್ಲಿಸಿದೆವು. ನೀರಿನ ಪರೀಕ್ಷೆ ಮಾಡಿಸದೆ ಹಾಯಿಸಿದ್ದು ನನ್ನ ತಪ್ಪು, ಅದಕ್ಕೆ ಬರದ ನೆಪ ಹೇಳುವುದಿಲ್ಲ.

ಅದೇ ವರ್ಷದ ಕೊನೆಗೆ ರಸ್ತೆ ಪಕ್ಕದ ತುಂಡನ್ನು ಕೊಳ್ಳಲು ಒಬ್ಬರು ಬಂದರು. ವಿಲ್ಲಾ ಕಟ್ಟಲು. ಹೇಳಿದ ಬೆಲೆ ಆ ತುಂಡಿನ ದ್ರಾಕ್ಷಿಯಿಂದ ಅಜ್ಜನ ಜೀವಮಾನದಲ್ಲಿ ಬರುವುದಕ್ಕಿಂತ ಎಷ್ಟೋ ಜಾಸ್ತಿ. ಅಳಿಯ ಮಾರೋಣ ಎಂದರು. ಅವರನ್ನು ದೂರುವ ಹಾಗಿಲ್ಲ. ಮಕ್ಕಳ ಓದು ಇದೆ, ಎರಡು ವರ್ಷದಿಂದ ತೋಟ ತನ್ನ ಖರ್ಚನ್ನೂ ಹುಟ್ಟಿಸಿಲ್ಲ. ಮೂರು ವಾರ ಆ ಮನೆಯಲ್ಲಿ ಊಟದ ಹೊತ್ತಿಗೆ ಮಾತು ಕಡಿಮೆ ಇತ್ತು. ಕೊನೆಗೆ ಮಗಳು ನೋಟ್‌ಬುಕ್ ತೆರೆದು ಹೂತ ಕಡ್ಡಿಗಳ ಲೆಕ್ಕ ತೋರಿಸಿದರು. ಐದು ವರ್ಷ ಮಾರುವ ಮಾತು ಬೇಡ ಎಂದು ಒಪ್ಪಂದವಾಯಿತು. ಅದಕ್ಕೆ ಬದಲಾಗಿ ತಂತಿಯ ತುಂಡನ್ನು ಕೈಬಿಟ್ಟರು. ಕಂಬ ಕಿತ್ತು, ಫಾವಾ ಬೆಳೆಯಲು ಪಕ್ಕದವರಿಗೆ ಗುತ್ತಿಗೆ ಕೊಟ್ಟರು. ಫಾವಾ ಎಂದರೆ ಈ ದ್ವೀಪದ ಹೆಸರುವಾಸಿ ಹಳದಿ ಬೇಳೆ, ನೀರಿಲ್ಲದೆ ಬರುವ ಬೆಳೆ.

2024ರ ಜನವರಿಯಲ್ಲಿ ನೆಲ ಒಣಗಿತ್ತು. ಇನ್ನಷ್ಟು ಹೂಳೋಣ ಎಂದು ನಾನು, ಬೇಡ ಎಂದು ಅಜ್ಜ. ‘ತಾಯಿಗೇ ಊಟ ಇಲ್ಲ, ಮಗು ಯಾಕೆ’ ಎಂದರು. ಅವರ ಮಾತೇ ಸರಿ. ಹಿಂದಿನ ವರ್ಷ ಹೂತ 70ರಲ್ಲಿ ಆ ಬೇಸಿಗೆ ದಾಟಿದ್ದು 31 ಮಾತ್ರ. ಕೆಲವು ಕಡೆ ಮಗುವಿನ ಜೊತೆ ತಾಯಿಯೂ ಬಾಡಿತ್ತು. ಮೊದಲ ವರ್ಷದ 60ರಲ್ಲಿ 49 ನಿಂತವು, ಯಾಕೆಂದರೆ ಬರ ಬರುವ ಹೊತ್ತಿಗೆ ಅವುಗಳ ಬೇರು ತಣ್ಣನೆ ಪದರ ಮುಟ್ಟಿತ್ತು. ಅದೇ ನೆಲದಲ್ಲಿ ಬಕೆಟ್ ನೀರಿನ ಸಸಿಗಳಲ್ಲಿ ಆ ಹೊತ್ತಿಗೆ ಉಳಿದದ್ದು 9. ಕತವೊಲಾದಾ ಒಳ್ಳೆಯದು ಎಂದು ಎಲ್ಲ ವರ್ಷವೂ ಮಾಡುವ ಕೆಲಸ ಅಲ್ಲ, ಮಳೆ ಕಂಡ ಚಳಿಗಾಲದಲ್ಲಿ ಮಾಡುವ ಕೆಲಸ. ಹಿಂದಿನವರು ಒಳ್ಳೆಯ ವರ್ಷಗಳಲ್ಲಿ ಹೂತು ಕೆಟ್ಟ ವರ್ಷಗಳನ್ನು ದಾಟುತ್ತಿದ್ದರು. ಈ ಮನೆಯವರು ಒಳ್ಳೆಯ ವರ್ಷಗಳಲ್ಲಿ ಹೂಳಲಿಲ್ಲ.

2024ರ ಆಗಸ್ಟ್‌ನಲ್ಲಿ ಬಂದ ಹಣ್ಣು ಅರ್ಧ ಟನ್. ಅದನ್ನು ನೋಡಿದರೆ ಇಷ್ಟೆಲ್ಲ ಮಾಡಿ ಏನು ಬಂತು ಅನಿಸಬಹುದು, ಅಲ್ವಾ? ನಾನು ಇನ್ನೊಂದು ಅಂಕಿ ನೋಡುತ್ತೇನೆ. ಖಾಲಿ ಜಾಗ 760ರಿಂದ ಹೆಚ್ಚಾಗಿ 800 ದಾಟಬೇಕಿತ್ತು, ಅಂಥ ವರ್ಷಗಳು ಅವು. ಮಗಳ ಎಣಿಕೆಯಲ್ಲಿ 704 ಇತ್ತು. ಇಂಥ ತೋಟಕ್ಕೆ ಸಲಹೆಗೆ ಹೋಗುವವರಿಗೆ ನಾನು ಈಗ ಮೊದಲು ಹೇಳುವುದು, ಟನ್ ಲೆಕ್ಕ ಕೇಳುವ ಮೊದಲು ಬಳ್ಳಿ ಎಣಿಸಿ, ಬೆಲೆ ಚೆನ್ನಾಗಿರುವ ವರ್ಷವೇ ಎಣಿಸಿ ಎಂದು. ನನ್ನ ಎರಡು ತಪ್ಪೂ, ಸಸಿ ಮತ್ತು ಟ್ಯಾಂಕರ್, ಊರಿನಿಂದ ಹೊತ್ತು ತಂದ ಅಭ್ಯಾಸದಿಂದ ಆದವು. ಅಜ್ಜನನ್ನು ಮೊದಲ ದಿನವೇ ಕೇಳಿದ್ದರೆ ಒಂದು ಚಳಿಗಾಲ ಉಳಿಯುತ್ತಿತ್ತು.

2025ರ ಚಳಿಗಾಲ

ಜನವರಿಯಲ್ಲಿ ಮೇಲಿನ ತುಂಡಿನ ಚಾಟ್ನಿ ಮುಗಿದಿತ್ತು. ಆಗ ನೆಲ ನಡುಗಲು ಶುರುವಾಯಿತು. ಜನವರಿ ಕೊನೆಯಿಂದ ಫೆಬ್ರವರಿ ತುಂಬ ಸ್ಯಾಂಟೊರಿನಿ ಸುತ್ತ ಸಾವಿರಾರು ಕಂಪನ. ಶಾಲೆ ಮುಚ್ಚಿದರು. ಸಾವಿರಾರು ಜನ ಹಡಗು, ವಿಮಾನ ಹಿಡಿದು ದ್ವೀಪ ಬಿಟ್ಟರು. 1956ರ ಜುಲೈ 9ರ ಭೂಕಂಪದಲ್ಲಿ ಊರು ಕುಸಿದಾಗ ಅಜ್ಜನಿಗೆ 12 ವರ್ಷ. ಅವರಿಗೆ ಹೋಗಲು ಮನಸ್ಸಿರಲಿಲ್ಲ. ಮಗಳು ಕೈ ಹಿಡಿದು ಅಥೆನ್ಸ್‌ಗೆ ಕರೆದುಕೊಂಡು ಹೋದರು.

ಮಾರ್ಚ್ ಮಧ್ಯದಲ್ಲಿ ವಾಪಸ್ ಬಂದಾಗ ರಸ್ತೆ ಪಕ್ಕದ ತುಂಡಿನಲ್ಲಿ ಕಣ್ಣುಗಳು ಉಬ್ಬಿದ್ದವು. ಕತ್ತರಿ ಹಾಕಿದ ಕಡೆಯೆಲ್ಲ ಕಡ್ಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೆಣೆಯುವಾಗ ಉಬ್ಬಿದ ಕಣ್ಣು ಕೈ ತಾಗಿದರೂ ಉದುರುತ್ತದೆ. ಅಜ್ಜ, ಮಗಳು, ಈ ಸಲ ಅಳಿಯನೂ ಸೇರಿ ಒಂಬತ್ತು ದಿನ ಮಂಡಿಯೂರಿ ಕೆಲಸ ಮಾಡಿದರು. ಮೊದಲ ವರ್ಷದ 49 ಮಕ್ಕಳನ್ನು ಆ ಚಳಿಗಾಲ ತಾಯಿಯಿಂದ ಬೇರೆ ಮಾಡಬೇಕಿತ್ತು. ರಸ ಏರುವ ಹೊತ್ತಿಗೆ ಕತ್ತರಿಸುವುದು ಬೇಡ ಎಂದು ಅಜ್ಜ ಹಾಗೇ ಬಿಟ್ಟರು. ಏಪ್ರಿಲ್‌ನಲ್ಲಿ ಮಗಳು ಒಂದು ಫೋಟೊ ಕಳಿಸಿದರು. ಬೂದಿ ನೆಲದಲ್ಲಿ ಒಂದು ಅಂಗೈ ಅಗಲದ ಸಿಂಬೆ. ಅಳಿಯ ಹೆಣೆದ ಮೊದಲ ಕುಲೂರಾ ಅಂತೆ.